ಚಿಪ್ ಕಾರ್ಖಾನೆ, ಸರ್ಕಾರದ ದುಡ್ಡು, ನಮ್ಮ ಮಕ್ಕಳ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನು ನಾನು. ಈಗ ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲಿ ಪಕ್ಕ ಕೂತವರು ಪಲ್ಯ ಬಡಿಸುವ ಮೊದಲೇ ಶುರು ಮಾಡುತ್ತಾರೆ: "ಸಾರ್, ಈ ಸೆಮಿಕಂಡಕ್ಟರ್ ಅಂತಾರಲ್ಲ, ಅದರಲ್ಲಿ ನಮ್ಮ ಹುಡುಗನಿಗೆ ಕೆಲಸ ಸಿಗುತ್ತಾ?" ಪಾಯಸ ಬರುವ ಹೊತ್ತಿಗೆ ಮಾತು ಸಬ್ಸಿಡಿಗೆ, ಆಮೇಲೆ ಗುಜರಾತಿಗೆ ಹೋಗಿರುತ್ತದೆ. ಪ್ರತಿ ಸಲ ಅದನ್ನೇ ಹೇಳುವ ಬದಲು ಒಂದು ಸಲ ಬರೆದು ಇಡೋಣ ಅನ್ನಿಸಿತು.

ಚಿಪ್ ಅಂದರೆ ಏನು? ಅದಕ್ಕೆ ಯಾಕೆ ಇಷ್ಟು ಗದ್ದಲ?

ಉಗುರಿನಷ್ಟು ಅಗಲದ ಸಿಲಿಕಾನ್ ಚೂರು. ಅದರ ಮೇಲೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಸ್ವಿಚ್‌ಗಳು. ಫೋನು, ಕಾರು, ವಾಷಿಂಗ್ ಮೆಷಿನ್, ಗೋಡೆಯ ಮೇಲಿನ ಕರೆಂಟ್ ಮೀಟರ್, ಎಲ್ಲದರೊಳಗೂ ಅದೇ ಇದೆ. ನಾವು ಬಳಸುವ ಚಿಪ್‌ಗಳಲ್ಲಿ ಬಹುಪಾಲು ಹೊರದೇಶದಿಂದ ಬರುತ್ತವೆ. 2021ರಲ್ಲಿ ಕಾರು ಬುಕ್ ಮಾಡಿ ತಿಂಗಳುಗಟ್ಟಲೆ ಕಾದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಲಕ್ಷಾಂತರ ರೂಪಾಯಿಯ ಗಾಡಿ, ನೂರಾರು ರೂಪಾಯಿಯ ಒಂದು ಚಿಪ್ ಇಲ್ಲದೆ ಕಾರ್ಖಾನೆಯ ಅಂಗಳದಲ್ಲಿ ನಿಂತಿತ್ತು.

ಫ್ಯಾಬ್ ಅಂತಾರೆ, ಓಸ್ಯಾಟ್ ಅಂತಾರೆ, ಡಿಸೈನ್ ಅಂತಾರೆ. ಎಲ್ಲ ಒಂದೇ ಅಲ್ವಾ?

ಅಲ್ಲ. ಪೇಪರಿನವರು ಮೂರಕ್ಕೂ "ಚಿಪ್ ಘಟಕ" ಅಂತ ಒಂದೇ ಹೆಸರು ಹಾಕುತ್ತಾರೆ. ಅರ್ಧ ಗೊಂದಲ ಅಲ್ಲಿಂದಲೇ ಶುರು.

ಡಿಸೈನ್ ಅಂದರೆ ನಕ್ಷೆ ಬಿಡಿಸುವ ಕೆಲಸ. ಕಂಪ್ಯೂಟರ್ ಮುಂದೆ ಕೂತು ಮಾಡುವುದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ನಡೆಯುವುದು ಇದೇ.

ಫ್ಯಾಬ್ ಅಂದರೆ ಆ ನಕ್ಷೆಯನ್ನು ಸಿಲಿಕಾನ್ ಮೇಲೆ ಮೂಡಿಸುವ ಕಾರ್ಖಾನೆ. 300 ಮಿಲಿಮೀಟರ್ ಅಗಲದ ದುಂಡನೆಯ ಬಿಲ್ಲೆ ಇರುತ್ತದೆ, ಅದಕ್ಕೆ ವೇಫರ್ ಅಂತಾರೆ. ಅದರ ಮೇಲೆ ಪದರದ ಮೇಲೆ ಪದರ ಹಾಕುತ್ತಾರೆ. ಬೆಳಕು ಬಿಟ್ಟು ಚಿತ್ರ ಮೂಡಿಸುತ್ತಾರೆ, ಬೇಡದ್ದನ್ನು ಕೊರೆದು ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಹೀಗೆ ನೂರಾರು ಹಂತ. ಒಂದು ವೇಫರ್ ಒಳಗೆ ಹೋಗಿ ಹೊರಗೆ ಬರಲು ಎರಡು ಮೂರು ತಿಂಗಳು ಬೇಕು. ನಡುವೆ ಒಂದು ಧೂಳಿನ ಕಣ ಕೂತರೆ ಅಲ್ಲಿನ ಚಿಪ್ ಹೋಯಿತು.

ಓಸ್ಯಾಟ್ ಅಂದರೆ ಮುಂದಿನ ಕೆಲಸ. ಮೈಸೂರು ಪಾಕ್ ತಟ್ಟೆಗೆ ಸುರಿದು ಆರಿದ ಮೇಲೆ ಚೌಕಕ್ಕೆ ಕತ್ತರಿಸುತ್ತೇವಲ್ಲ, ಹಾಗೆ ವೇಫರನ್ನು ಕತ್ತರಿಸುತ್ತಾರೆ. ದುಂಡು ತಟ್ಟೆಯಾದರೆ ಅಂಚಿನ ತುಂಡುಗಳು ಅರೆಬರೆ ಬರುತ್ತವೆ, ವೇಫರಿನಲ್ಲೂ ಅದೇ ಕಥೆ. ಆಮೇಲೆ ಒಂದೊಂದು ತುಂಡಿಗೂ ಕೂದಲಿಗಿಂತ ತೆಳುವಾದ ತಂತಿ ಬೆಸೆದು, ಕಪ್ಪು ಕವಚ ಹಾಕಿ, ಕಾಯಿಸಿ, ತಣ್ಣಗೆ ಮಾಡಿ, ಪರೀಕ್ಷೆ ಮಾಡಿ ಪ್ಯಾಕ್ ಮಾಡುತ್ತಾರೆ. ಕಂಪನಿಯೊಂದು ತನ್ನದೇ ಚಿಪ್‌ಗೆ ಈ ಕೆಲಸ ಮಾಡಿಕೊಂಡರೆ ಎಟಿಎಂಪಿ ಅಂತಾರೆ. ಇನ್ನೊಬ್ಬರಿಗೆ ಮಾಡಿಕೊಟ್ಟರೆ ಓಸ್ಯಾಟ್. ಕೈಗೆ ಸಿಗುವ ಕೆಲಸ ಹೆಚ್ಚು ಇರುವುದು ಇಲ್ಲೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರ್ಕಾರ ಎಷ್ಟು ದುಡ್ಡು ಇಟ್ಟಿದೆ?

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದನ್ನು ನಡೆಸುವುದು ಇಂಡಿಯಾ ಸೆಮಿಕಂಡಕ್ಟರ್ ಮಿಷನ್. ಇದರಲ್ಲಿ 65,000 ಕೋಟಿ ಕಾರ್ಖಾನೆಗಳಿಗೆ, 10,000 ಕೋಟಿ ಮೊಹಾಲಿಯ ಸರ್ಕಾರಿ ಚಿಪ್ ಪ್ರಯೋಗಾಲಯವನ್ನು ಹೊಸದು ಮಾಡಲು, 1,000 ಕೋಟಿ ಡಿಸೈನ್ ಕಂಪನಿಗಳಿಗೆ.

ಮೊದಲು ಲೆಕ್ಕ ಬೇರೆ ಇತ್ತು. ಸಣ್ಣ ಗೆರೆಯ ಹೊಸ ಚಿಪ್‌ಗೆ ಜಾಸ್ತಿ, ಹಳೆಯದಕ್ಕೆ ಕಡಿಮೆ, ಪ್ಯಾಕಿಂಗ್ ಘಟಕಕ್ಕೆ (ಅಂದರೆ ಓಸ್ಯಾಟ್, ಎಟಿಎಂಪಿ) ಯೋಜನೆಯ ವೆಚ್ಚದ ಶೇ. 30 ಮಾತ್ರ. ಯಾರೂ ಅಷ್ಟಾಗಿ ಮುಂದೆ ಬರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಬದಲಾಯಿಸಿ ಎಲ್ಲಕ್ಕೂ ವೆಚ್ಚದ ಶೇ. 50 ಅಂದರು. ಆಮೇಲೆ ಅರ್ಜಿಗಳು ಬಂದವು.

ಇದರ ಮೇಲೆ ರಾಜ್ಯಗಳು ಬೇರೆ ಕೊಡುತ್ತವೆ. ಗುಜರಾತ್ 2022ರಲ್ಲೇ ಚಿಪ್‌ಗಾಗಿ ಪ್ರತ್ಯೇಕ ನೀತಿ ತಂದಿತು. ಕೇಂದ್ರ ಕೊಟ್ಟದ್ದರ ಶೇ. 40 ಭಾಗವನ್ನು ತಾನು ಸೇರಿಸುತ್ತೇನೆ ಅಂದಿತು. ಅಂದರೆ ಯೋಜನೆಯ ವೆಚ್ಚದ ಶೇ. 20. ಒಟ್ಟು ಶೇ. 70 ಸರ್ಕಾರಗಳದ್ದು, ಕಂಪನಿ ಹಾಕುವುದು ಶೇ. 30. ಹೌದು, ಸರಿಯಾಗಿಯೇ ಓದಿದಿರಿ.

ಅಷ್ಟು ದೊಡ್ಡ ಕಂಪನಿಗಳಿಗೆ ನಮ್ಮ ತೆರಿಗೆ ದುಡ್ಡು ಯಾಕೆ ಕೊಡಬೇಕು?

ನ್ಯಾಯವಾದ ಪ್ರಶ್ನೆ. ಕಿರಾಣಿ ಅಂಗಡಿ ಇಡುವವನಿಗೆ ಸರ್ಕಾರ ಅರ್ಧ ಬಂಡವಾಳ ಕೊಡುವುದಿಲ್ಲ.

ಆದರೆ ಜಗತ್ತಿನಲ್ಲಿ ಈ ಧಂದೆ ಬೆಳೆದದ್ದೇ ಹೀಗೆ. ಇವತ್ತು ಚಿಪ್ ಅಂದರೆ ಎಲ್ಲರ ಬಾಯಲ್ಲಿ ಬರುವುದು ತೈವಾನಿನ ಟಿಎಸ್‌ಎಂಸಿ. 1987ರಲ್ಲಿ ಅದು ಶುರುವಾದಾಗ ಸುಮಾರು ಅರ್ಧ ಬಂಡವಾಳ ತೈವಾನ್ ಸರ್ಕಾರದ್ದೇ. ಅಮೆರಿಕ 2022ರ ಆಗಸ್ಟ್‌ನಲ್ಲಿ ಕಾನೂನನ್ನೇ ಮಾಡಿ 52.7 ಶತಕೋಟಿ ಡಾಲರ್ ಎತ್ತಿಟ್ಟಿತು. ಅದರಲ್ಲಿ 39 ಶತಕೋಟಿ ಕಾರ್ಖಾನೆ ಕಟ್ಟುವವರಿಗೆ. ಜಪಾನ್ ತನ್ನ ಕುಮಾಮೊಟೊ ಪ್ರಾಂತ್ಯಕ್ಕೆ ಟಿಎಸ್‌ಎಂಸಿಯನ್ನು ಕರೆತರಲು ಮೊದಲ ಕಾರ್ಖಾನೆಗೇ 476 ಶತಕೋಟಿ ಯೆನ್ ವರೆಗೆ ಕೊಡುತ್ತೇನೆ ಅಂದಿತು. ಪಕ್ಕದ ಸಂತೆಯಲ್ಲಿ ಎಲ್ಲರೂ ಸುಂಕ ಬಿಟ್ಟು ಕರೆಯುವಾಗ ನಮ್ಮ ಸಂತೆಗೆ ವ್ಯಾಪಾರಿ ಸುಮ್ನೆ ಬರುತ್ತಾನಾ?

ಇನ್ನೊಂದು ಕಾರಣ ಇದೆ. ಹೊಸ ಜಾಗದಲ್ಲಿ ಫ್ಯಾಬ್ ಕಟ್ಟುವವನಿಗೆ ಕಟ್ಟಡ, ಯಂತ್ರ ಮಾತ್ರ ಸಾಲದು. ಅಷ್ಟು ಶುದ್ಧವಾದ ಗ್ಯಾಸು, ಕೆಮಿಕಲ್ಲು ಒದಗಿಸುವವರು ಪಕ್ಕದಲ್ಲೇ ಇರಬೇಕು. ಯಂತ್ರ ಕೆಟ್ಟರೆ ಗಂಟೆಯೊಳಗೆ ಬಂದು ನೋಡುವವರು ಬೇಕು. ತೈವಾನ್‌ನಲ್ಲಿ ಇದೆಲ್ಲ ಇದೆ, ಇಲ್ಲಿ ಈಗ ಶುರುವಾಗುತ್ತಿದೆ. ಮೊದಲು ಬಂದವನು ಈ ಖರ್ಚನ್ನೂ ಹೊರಬೇಕು. ಸಬ್ಸಿಡಿ ತುಂಬುವುದು ಈ ಹಳ್ಳವನ್ನು. ಎಷ್ಟು ಆಳಕ್ಕೆ ತುಂಬಬೇಕು ಅನ್ನುವುದರಲ್ಲಿ ಜಗಳ ಇರಬಹುದು. ಹಳ್ಳ ಇದೆ ಅನ್ನುವುದರಲ್ಲಿ ಇಲ್ಲ.

ಯಾವ ಊರಿನಲ್ಲಿ ಏನು ಬರುತ್ತಿದೆ?

2025ರ ಆಗಸ್ಟ್ ಹೊತ್ತಿಗೆ ಆರು ರಾಜ್ಯಗಳಲ್ಲಿ ಹತ್ತು ಯೋಜನೆಗಳಿಗೆ ಒಪ್ಪಿಗೆ ಸಿಕ್ಕಿತ್ತು. ಒಟ್ಟು ಹೂಡಿಕೆ ಸುಮಾರು 1.60 ಲಕ್ಷ ಕೋಟಿ ರೂಪಾಯಿ.

ಇವುಗಳಲ್ಲಿ ಹಿರಿಯಣ್ಣ ಗುಜರಾತಿನ ಧೊಲೇರಾ. ಟಾಟಾ ಎಲೆಕ್ಟ್ರಾನಿಕ್ಸ್, ತೈವಾನಿನ ಪವರ್‌ಚಿಪ್ ಜೊತೆ ಸೇರಿ ಅಲ್ಲಿ ಕಟ್ಟುತ್ತಿರುವುದು ದೊಡ್ಡ ಫ್ಯಾಬ್. 91,000 ಕೋಟಿ ರೂಪಾಯಿ, ತಿಂಗಳಿಗೆ 50,000 ವೇಫರ್. ಅದೇ ಗುಜರಾತಿನ ಸಾನಂದ್‌ನಲ್ಲಿ ಮೂರು ಪ್ಯಾಕಿಂಗ್ ಘಟಕಗಳಿವೆ: ಅಮೆರಿಕದ ಮೈಕ್ರಾನ್‌ನದು, ಸಿಜಿ ಪವರ್‌ನದು, ನಮ್ಮ ಮೈಸೂರಿನ ಕೇನ್ಸ್‌ನದು. ಸಿಜಿಯ ಪ್ರಾಯೋಗಿಕ ಘಟಕ 2025ರ ಆಗಸ್ಟ್‌ನಲ್ಲಿ ಶುರುವಾಯಿತು.

ನನಗೆ ಇಷ್ಟವಾಗುವ ಕಥೆ ಅಸ್ಸಾಮಿನ ಜಾಗಿರೋಡಿನದು. ಅಲ್ಲಿ ಸರ್ಕಾರಿ ಕಾಗದದ ಕಾರ್ಖಾನೆ ಇತ್ತು. ಅದು ಮುಚ್ಚಿ ಊರೇ ಮಂಕಾಗಿತ್ತು. ಅದೇ ಜಾಗದಲ್ಲಿ ಈಗ ಟಾಟಾದವರ 27,000 ಕೋಟಿಯ ಪ್ಯಾಕಿಂಗ್ ಘಟಕ ಏಳುತ್ತಿದೆ. ದಿನಕ್ಕೆ 4.8 ಕೋಟಿ ಚಿಪ್ ಗುರಿ. ಭದ್ರಾವತಿ ಕಡೆಯವರಿಗೆ ಈ ಕಥೆ ನಾಟುತ್ತದೆ. ಕಾಗದದ ಕಾರ್ಖಾನೆ ಮುಚ್ಚಿದರೆ ಊರಿಗೆ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಉಳಿದಂತೆ ಉತ್ತರ ಪ್ರದೇಶದ ಜೇವರ್‌ನಲ್ಲಿ ಎಚ್‌ಸಿಎಲ್–ಫಾಕ್ಸ್‌ಕಾನ್, ಒಡಿಶಾದಲ್ಲಿ ಎರಡು, ಪಂಜಾಬ್‌ನಲ್ಲಿ ಒಂದು, ಆಂಧ್ರದಲ್ಲಿ ಒಂದು.

ಒಂದು ಕೆಲಸಕ್ಕೆ 3.2 ಕೋಟಿ ಸಬ್ಸಿಡಿ ಅಂತೆ. ನಿಜವಾ?

ಈ ಲೆಕ್ಕವನ್ನು ದೊಡ್ಡ ಸುದ್ದಿ ಮಾಡಿದ್ದು ನಮ್ಮವರೇ. 2024ರ ಜೂನ್‌ನಲ್ಲಿ, ಕೇಂದ್ರ ಸಚಿವರಾದ ಕೆಲವೇ ದಿನಕ್ಕೆ, ಎಚ್.ಡಿ. ಕುಮಾರಸ್ವಾಮಿ ಬೆಂಗಳೂರಿನಲ್ಲಿ ಈ ಮಾತು ಎತ್ತಿದರು. ಗುಜರಾತಿನ ಒಂದು ಘಟಕದಲ್ಲಿ 5,000 ಕೆಲಸಕ್ಕೆ ಇಷ್ಟು ಸಬ್ಸಿಡಿ, ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ನಾವು ಏನು ಕೊಟ್ಟಿದ್ದೇವೆ ಅನ್ನುವುದು ಅವರ ಪ್ರಶ್ನೆ. ಗದ್ದಲವಾದ ಮೇಲೆ ಮಾತನ್ನು ಮೆದು ಮಾಡಿದರು. ಆದರೆ ಗಣಿತ ಮೆದುವಾಗಲಿಲ್ಲ.

ಆ ಘಟಕ ಮೈಕ್ರಾನ್‌ನದು. ಯೋಜನೆಯ ಒಟ್ಟು ವೆಚ್ಚ 22,516 ಕೋಟಿ. ಅದರ ಶೇ. 70 ಅಂದರೆ ಸುಮಾರು 15,760 ಕೋಟಿ. ನೇರ ಕೆಲಸ 5,000. ಭಾಗಿಸಿದರೆ ತಲೆಗೆ 3.15 ಕೋಟಿ. ಲೆಕ್ಕ ಸರಿಯಿದೆ. ಕಂಪನಿ ಹೇಳುವ 15,000 ಪರೋಕ್ಷ ಕೆಲಸವನ್ನೂ ಸೇರಿಸಿದರೆ 79 ಲಕ್ಷಕ್ಕೆ ಇಳಿಯುತ್ತದೆ. ಪರೋಕ್ಷ ಅಂದರೆ ಕ್ಯಾಂಟೀನು, ಬಸ್ಸು, ಸೆಕ್ಯುರಿಟಿ, ಬಿಡಿಭಾಗ ಕೊಡುವವರು ಎಲ್ಲ. ಆ ಸಂಖ್ಯೆಯನ್ನು ನಾನು ಪೂರ್ತಿ ನಂಬುವುದಿಲ್ಲ.

ಈಗ ಇದನ್ನು ಧೊಲೇರಾಕ್ಕೆ ಹಾಕಿ ನೋಡೋಣ. ರಾಜ್ಯದ ಪಾಲನ್ನು ಬಿಟ್ಟು, ಕೇಂದ್ರದ ಅರ್ಧ ಮಾತ್ರ ಹಿಡಿಯೋಣ. 45,000 ಕೋಟಿಗೂ ಮೇಲೆ. ಟಾಟಾ ಹೇಳಿರುವ ಕೆಲಸ, ನೇರ ಮತ್ತು ಪರೋಕ್ಷ ಸೇರಿ, 20,000. ತಲೆಗೆ ಎರಡು ಕಾಲು ಕೋಟಿ. ಅದೇ ಕೋಲಿನಿಂದ ಅಸ್ಸಾಂ ಅಳೆದರೆ? ಕೇಂದ್ರದ ಪಾಲು 13,500 ಕೋಟಿ, ಕೆಲಸ ನೇರ–ಪರೋಕ್ಷ ಸೇರಿ 27,000. ತಲೆಗೆ 50 ಲಕ್ಷ. ಮೈಕ್ರಾನ್ ಕೂಡ ಈ ಕೋಲಿಗೆ 56 ಲಕ್ಷ ಬರುತ್ತದೆ.

ಗೊತ್ತಾಯಿತಲ್ಲ? ಕೆಲಸವೇ ಬೇಕು ಅಂದರೆ ಪ್ಯಾಕಿಂಗ್ ಘಟಕ ಫ್ಯಾಬ್‌ಗಿಂತ ನಾಲ್ಕು ಪಟ್ಟು ಅಗ್ಗ. ಅದಕ್ಕೇ "ಚಿಪ್ ಘಟಕ" ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ ಅಂದದ್ದು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ. ಫ್ಯಾಬ್‌ಗೆ ಸಬ್ಸಿಡಿ ಕೊಡುವಾಗ "ಲಕ್ಷಾಂತರ ಉದ್ಯೋಗ" ಅಂತ ಬ್ಯಾನರ್ ಕಟ್ಟುವುದೇ ತಪ್ಪು. ಫ್ಯಾಬ್ ಕೆಲಸ ಹುಟ್ಟಿಸುವ ಯಂತ್ರ ಅಲ್ಲ. ಅಲ್ಲಿ ಬಹುತೇಕ ಕೆಲಸ ಯಂತ್ರಗಳೇ ಮಾಡುತ್ತವೆ, ವೇಫರ್ ಡಬ್ಬಗಳನ್ನು ಮೇಲ್ಛಾವಣಿಗೆ ತೂಗಿದ ಹಳಿಯ ಮೇಲೆ ರೋಬೊಗಳು ಒಯ್ಯುತ್ತವೆ. ಫ್ಯಾಬ್ ಬೇಕಾಗಿರುವುದು ನಾಳೆ ಯಾರೋ ಚಿಪ್ ಕೊಡುವುದಿಲ್ಲ ಅಂದರೆ ನಮ್ಮ ಕೈ ಕಟ್ಟಿಹೋಗಬಾರದು ಅಂತ. ಅದನ್ನೇ ಹಾಗೆ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ಕೆಲಸಕ್ಕೆ ಅಂತ ದುಡ್ಡು ಕೊಡುವುದಾದರೆ ಪೀಣ್ಯದ ಲೇತ್ ಮೆಷಿನ್‌ನವರ ಪ್ರಶ್ನೆಗೆ ಉತ್ತರ ಕೊಡಲು ಕಷ್ಟವಾಗುತ್ತದೆ.

ಸಬ್ಸಿಡಿ ತಿಂದು ಕಂಪನಿ ಓಡಿಹೋದರೆ?

ದುಡ್ಡು ಒಂದೇ ಸಲ ಕೈಗೆ ಕೊಡುವುದಿಲ್ಲ. ಕಂಪನಿ ತನ್ನ ಪಾಲು ಹಾಕುತ್ತಾ ಹೋದ ಹಾಗೆ ಸರ್ಕಾರವೂ ತನ್ನ ಪಾಲು ಹಾಕುತ್ತದೆ. ಜಂಟಿ ಬಾವಿ ತೋಡಿದ ಹಾಗೆ, ನೀನು ಹತ್ತು ಅಡಿ ಅಗೆದರೆ ನಾನು ಹತ್ತು ಅಡಿ.

ಘೋಷಣೆ ಮಾಡಿ ಕೈಬಿಟ್ಟವರು ಇದ್ದಾರೆ. ವೇದಾಂತ ಜೊತೆ 19.5 ಶತಕೋಟಿ ಡಾಲರಿನ ಯೋಜನೆ ಹಾಕಿಕೊಂಡಿದ್ದ ಫಾಕ್ಸ್‌ಕಾನ್ 2023ರ ಜುಲೈನಲ್ಲಿ ಹೊರನಡೆಯಿತು. ಅದು ಒಪ್ಪಿಗೆ ಹಂತವನ್ನೇ ದಾಟಿರಲಿಲ್ಲ, ಹಾಗಾಗಿ ಸಬ್ಸಿಡಿ ಹೋಗಲಿಲ್ಲ. ಅಮೆರಿಕ ಒಂದು ಹೆಜ್ಜೆ ಮುಂದೆ ಹೋಯಿತು. 2025ರ ಆಗಸ್ಟ್‌ನಲ್ಲಿ ಇಂಟೆಲ್‌ಗೆ ಕೊಡಬೇಕಿದ್ದ ನೆರವಿನ ಬದಲಿಗೆ ಸುಮಾರು ಶೇ. 10 ಷೇರನ್ನೇ ಬರೆಸಿಕೊಂಡಿತು. ನಮ್ಮಲ್ಲೂ ಯಾರಾದರೂ ಈ ಯೋಚನೆ ಮಾಡಬಾರದೇ ಅಂತ ನನಗೆ ಅನ್ನಿಸುವುದುಂಟು. ಅರ್ಧ ದುಡ್ಡು ಹಾಕಿದವನಿಗೆ ಲಾಭದಲ್ಲಿ ಒಂದು ತುತ್ತು ಕೇಳುವ ಹಕ್ಕಿಲ್ಲವೇ?

ಕರ್ನಾಟಕಕ್ಕೆ ಯಾಕೆ ಒಂದೂ ಬರಲಿಲ್ಲ?

ಇದನ್ನು ಕೇಳದ ಮದುವೆ ಮನೆ ಇಲ್ಲ.

ಬರುವುದರಲ್ಲಿತ್ತು. 2022ರ ಮೇ ತಿಂಗಳಲ್ಲಿ ಐಎಸ್‌ಎಂಸಿ ಅನ್ನುವ ಕಂಪನಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಜಾಗ ಮೈಸೂರಿನ ಕೋಚನಹಳ್ಳಿ ಕೈಗಾರಿಕಾ ಪ್ರದೇಶ. ಮೊತ್ತ 22,900 ಕೋಟಿ. ತಂತ್ರಜ್ಞಾನ ಕೊಡಬೇಕಿದ್ದುದು ಇಸ್ರೇಲಿನ ಟವರ್ ಅನ್ನುವ ಚಿಪ್ ಕಂಪನಿ. ಅಷ್ಟರಲ್ಲಿ ಟವರ್ ಅನ್ನು ಕೊಳ್ಳಲು ಇಂಟೆಲ್ ಹೊರಟಿತ್ತು. ಟವರ್ ಕೈಕಟ್ಟಿ ಕೂತಿತು, ಇಲ್ಲಿ ಯೋಜನೆ ನಿಂತಿತು. ಕೊನೆಗೆ 2023ರಲ್ಲಿ ಇಂಟೆಲ್–ಟವರ್ ವ್ಯವಹಾರವೂ ಮುರಿದುಬಿತ್ತು. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಆಮೇಲೆ ಜೊಹೊ ಕಂಪನಿ ಅದೇ ಕೋಚನಹಳ್ಳಿಯಲ್ಲಿ 3,400 ಕೋಟಿ ಚಿಲ್ಲರೆಯ ಘಟಕ ಅಂದಿತು. 2025ರಲ್ಲಿ ಅದೂ ಹಿಂದೆ ಸರಿಯಿತು. ಕೋಚನಹಳ್ಳಿಗೆ ಯಾರ ದೃಷ್ಟಿ ತಾಗಿದೆಯೋ!

ಹೊಟ್ಟೆ ಉರಿಯುವುದು ಕೇನ್ಸ್ ವಿಷಯದಲ್ಲಿ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಕಂಪನಿ. ಚಿಪ್ ಪ್ಯಾಕಿಂಗ್ ಘಟಕ ಹಾಕಲು ಮೊದಲು ತೆಲಂಗಾಣ ಅಂದಿತು, ಕೊನೆಗೆ 3,300 ಕೋಟಿ ಹಿಡಿದು ಸಾನಂದ್‌ಗೆ ಹೋಯಿತು. ಕಂಪನಿಯನ್ನು ಬೈದು ಪ್ರಯೋಜನ ಇಲ್ಲ. ಒಂದು ಕಡೆ ಶೇ. 20 ಹೆಚ್ಚುವರಿ ನೆರವು, ಸಿದ್ಧ ಜಾಗ, ಅಕ್ಕಪಕ್ಕದಲ್ಲಿ ಇದೇ ಕಸುಬಿನವರು ಇದ್ದರೆ ವ್ಯಾಪಾರಿ ಅಲ್ಲಿಗೇ ಹೋಗುತ್ತಾನೆ.

ರಾಜಕೀಯವೂ ಇದೆಯಾ? ಐಟಿ–ಬಿಟಿ ಸಚಿವ ಪ್ರಿಯಾಂಕ್ ಖರ್ಗೆ ಇದೆ ಅಂತಾರೆ. ಬೆಂಗಳೂರಿಗೆ ಬರಬೇಕು ಅಂದವರನ್ನು ಕೇಂದ್ರ ಗುಜರಾತ್, ಅಸ್ಸಾಂ ಕಡೆಗೆ ತಳ್ಳುತ್ತಿದೆ ಅನ್ನುವುದು ಅವರ ದೂರು. ಆ ಭರದಲ್ಲಿ ಅಸ್ಸಾಮಿನಲ್ಲಿ ಪ್ರತಿಭೆ ಇದೆಯಾ ಅನ್ನುವ ಧಾಟಿಯ ಮಾತೂ ಬಂತು. 2025ರ ಅಕ್ಟೋಬರ್‌ನಲ್ಲಿ ಅಸ್ಸಾಂ ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮಾ ಅದಕ್ಕೆ ಬಿಸಿಬಿಸಿ ಉತ್ತರ ಕೊಟ್ಟರು. ದೂರಿನಲ್ಲಿ ಹುರುಳಿರಬಹುದು. ಆದರೆ ಅಸ್ಸಾಮಿನ ಹುಡುಗ ಹುಡುಗಿಯರ ಬಗ್ಗೆ ಹಾಗೆ ಮಾತಾಡುವುದು ನನಗೆ ಹಿಡಿಸಲಿಲ್ಲ. ನಲವತ್ತು ವರ್ಷದ ಹಿಂದೆ ನಮ್ಮ ಬಗ್ಗೆಯೂ ಹೊರಗಿನವರು ಹಾಗೇ ಅಂದಿರಬಹುದು ಅಲ್ವಾ?

ಬರಿಗೈಯಲ್ಲೇನೂ ಕೂತಿಲ್ಲ ನಾವು. ಚಿಪ್ ಮಾಡುವ ಯಂತ್ರಗಳನ್ನು ತಯಾರಿಸುವ ಲ್ಯಾಮ್ ರಿಸರ್ಚ್ 2025ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ 10,000 ಕೋಟಿ ಹೂಡುವುದಾಗಿ ಹೇಳಿತು. ಅಪ್ಲೈಡ್ ಮೆಟೀರಿಯಲ್ಸ್ ಬೆಂಗಳೂರಿನಲ್ಲಿ 40 ಕೋಟಿ ಡಾಲರಿನ ಎಂಜಿನಿಯರಿಂಗ್ ಕೇಂದ್ರ ಅಂದಿದೆ. ಎಎಂಡಿ ತನ್ನ ಅತಿ ದೊಡ್ಡ ಡಿಸೈನ್ ಕೇಂದ್ರವನ್ನು ಇಲ್ಲೇ ತೆರೆದಿದೆ. ಸಂಬಳ ನೋಡಿದರೆ ಇವು ಕಾರ್ಖಾನೆಗಿಂತ ಮೇಲು. ಆದರೆ ಇವೆಲ್ಲ ಎಂಜಿನಿಯರುಗಳ ಕೆಲಸ. ಐಟಿಐ ಮಾಡಿದ ಮಂಡ್ಯದ ಹುಡುಗಿಗೆ, ಡಿಪ್ಲೊಮಾ ಮಾಡಿದ ಹಾವೇರಿ ಹುಡುಗನಿಗೆ ಇಲ್ಲಿ ಬಾಗಿಲು ಕಿರಿದು. ನಾವು ಕಳೆದುಕೊಂಡದ್ದು ಇದನ್ನೇ. ವಿಧಾನಸೌಧದ ಭಾಷಣಗಳಲ್ಲಿ ಅದು ಬರುವುದಿಲ್ಲ.

ನಮ್ಮವರೇ ಡಿಸೈನ್ ಮಾಡುತ್ತಾರೆ ಅಂದ ಮೇಲೆ ಚಿಪ್ ನಮ್ಮದೇ ಅಲ್ವಾ?

ಅಲ್ಲ. ಜಗತ್ತಿನ ಚಿಪ್ ಡಿಸೈನ್ ಎಂಜಿನಿಯರುಗಳಲ್ಲಿ ಐದರಲ್ಲೊಬ್ಬರು ಭಾರತದಲ್ಲಿದ್ದಾರೆ ಅಂತಾರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಇದು ಬೆಳೆದುಕೊಂಡು ಬಂದಿದೆ. ಆದರೆ ಹೆಚ್ಚಿನ ಚಿಪ್‌ಗಳ ಮಾಲೀಕರು ಹೊರಗಿನವರು. ಸೀರೆ ನೇಯ್ದವರು ನಾವು, ಅಂಗಡಿ ಬೋರ್ಡು ಅವರದು.

ಇದನ್ನು ಬದಲಾಯಿಸಲು ಡಿಸೈನ್ ಪ್ರೋತ್ಸಾಹ ಯೋಜನೆ ಇದೆ. ದೇಸಿ ಕಂಪನಿ ಚಿಪ್ ವಿನ್ಯಾಸ ಮಾಡಿದರೆ ಖರ್ಚಿನ ಅರ್ಧ, ಹೆಚ್ಚೆಂದರೆ 15 ಕೋಟಿ, ವಾಪಸ್ ಸಿಗುತ್ತದೆ. ಮಾರಾಟ ಶುರುವಾದ ಮೇಲೆ ಐದು ವರ್ಷ ವಹಿವಾಟಿನ ಶೇ. 6ರಿಂದ 4, ಹೆಚ್ಚೆಂದರೆ 30 ಕೋಟಿ. ಆದರೆ 76,000 ಕೋಟಿಯಲ್ಲಿ ಇದಕ್ಕೆ ಇಟ್ಟದ್ದು 1,000 ಕೋಟಿ. ನಾವು ನಿಜವಾಗಿ ಪಳಗಿರುವ ಕೆಲಸಕ್ಕೆ ಹಿಡಿ ಕಡಲೆ, ಪಳಗಬೇಕಾದ ಕೆಲಸಕ್ಕೆ ಮೂಟೆ. ಇದು ನನಗೆ ಯಾವತ್ತೂ ಅರ್ಥವಾಗಿಲ್ಲ. 2026ರ ಬಜೆಟ್‌ನಲ್ಲಿ ಮಿಷನ್‌ನ ಎರಡನೇ ಹಂತ ಘೋಷಿಸುವಾಗ ಯಂತ್ರ, ಕಚ್ಚಾವಸ್ತು, ದೇಸಿ ವಿನ್ಯಾಸ ಅಂತ ಹೇಳಿದ್ದಾರೆ. ದುಡ್ಡು ಎಷ್ಟು ಬರುತ್ತದೋ ನೋಡಬೇಕು.

ಇದೇ ಮೊದಲ ಸಲ ಅಲ್ಲವಂತೆ?

ಅಲ್ಲ. 1960ರ ದಶಕದಲ್ಲೇ ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಆಗುತ್ತಿತ್ತು. 1984ರಲ್ಲಿ ಪಂಜಾಬಿನ ಮೊಹಾಲಿಯಲ್ಲಿ ಸರ್ಕಾರಿ ಚಿಪ್ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಟಿಎಸ್‌ಎಂಸಿ ಹುಟ್ಟುವ ಮೂರು ವರ್ಷ ಮೊದಲು! 1989ರ ಫೆಬ್ರುವರಿಯಲ್ಲಿ ಬೆಂಕಿ ಬಿತ್ತು. ಮತ್ತೆ ಎದ್ದು ನಿಲ್ಲುವ ಹೊತ್ತಿಗೆ ಜಗತ್ತು ಬಹಳ ಮುಂದೆ ಹೋಗಿತ್ತು. ಈಗಲೂ ಅದು ಇದೆ. 180 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಇಸ್ರೋಗೆ ಬೇಕಾದ ಚಿಪ್ ಮಾಡುತ್ತದೆ. (ನ್ಯಾನೋಮೀಟರ್ ಅನ್ನುವುದು ಚಿಪ್ ಮೇಲಿನ ಗೆರೆ ಎಷ್ಟು ಸಣ್ಣ ಅನ್ನುವ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹೊಸ ತಂತ್ರಜ್ಞಾನ.) ರಾಕೆಟ್‌ಗಾಗಿ ಮಾಡಿದ ವಿಕ್ರಮ್ ಪ್ರೊಸೆಸರ್ ಅಲ್ಲಿಯದೇ.

ಧೊಲೇರಾದ 28 ನ್ಯಾನೋಮೀಟರ್ ಹಳೇ ಕಾಲದ್ದು, ಅದಕ್ಕೆ ಇಷ್ಟು ದುಡ್ಡಾ?

ಹೊಸ ಫೋನಿನ ಮುಖ್ಯ ಚಿಪ್‌ಗೆ ಅದು ಹಳೆಯದು ನಿಜ. ಅಲ್ಲಿ 3 ನ್ಯಾನೋಮೀಟರ್, ಅದಕ್ಕೂ ಸಣ್ಣದರ ಮಾತು ನಡೆಯುತ್ತಿದೆ. ಆದರೆ ಕಾರಿನ ಬ್ರೇಕು, ಫ್ಯಾನಿನ ರೆಗ್ಯುಲೇಟರು, ಟಿವಿ ಪರದೆ, ಇವಕ್ಕೆಲ್ಲ 28, 40, 90 ನ್ಯಾನೋಮೀಟರ್ ಧಾರಾಳ ಸಾಕು. 2021ರಲ್ಲಿ ಕಾರು ನಿಲ್ಲಿಸಿದ್ದು ಇಂಥ ಹಳೇ ಚಿಪ್‌ಗಳ ಕೊರತೆಯೇ. ಅಕ್ಷರಾಭ್ಯಾಸದ ದಿನವೇ ಯಾರೂ ಮಹಾಕಾವ್ಯ ಬರೆಯುವುದಿಲ್ಲ.

ನೀರು?

ದೊಡ್ಡ ಫ್ಯಾಬ್ ದಿನಕ್ಕೆ ಕೋಟಿ ಲೀಟರ್ ಲೆಕ್ಕದಲ್ಲಿ ನೀರು ಬಳಸುತ್ತದೆ. ಬಹುಪಾಲು ಶುದ್ಧಗೊಳಿಸಿ ಮತ್ತೆ ಬಳಸಬಹುದು, ಬಳಸುತ್ತಾರೆ ಕೂಡ. ಆದರೂ 2021ರ ಬರದಲ್ಲಿ ತೈವಾನ್ ಸರ್ಕಾರ ರೈತರ ಗದ್ದೆಗೆ ನೀರು ನಿಲ್ಲಿಸಿ ಪರಿಹಾರ ಕೊಟ್ಟಿತು, ಚಿಪ್ ಕಂಪನಿಗಳು ಟ್ಯಾಂಕರ್ ತರಿಸಿದವು. ಕಾವೇರಿ ಕಣಿವೆಯವರು ಇದನ್ನು ಮರೆಯಬಾರದು. ಮೈಸೂರಿಗೆ ಫ್ಯಾಬ್ ಬರಲಿಲ್ಲವಲ್ಲ ಅಂತ ಕೊರಗುವಾಗ ನನಗೂ ಇದು ನೆನಪಾಗುತ್ತದೆ.

ಫೋನ್ ಅಗ್ಗ ಆಗುತ್ತಾ?

ಇಲ್ಲ. ಆ ಆಸೆ ಬಿಡಿ.

ಕೆಲಸ ಹೇಗಿರುತ್ತದೆ? ಡಿಪ್ಲೊಮಾದವರನ್ನು ತೆಗೆದುಕೊಳ್ಳುತ್ತಾರಾ?

ತೆಗೆದುಕೊಳ್ಳುತ್ತಾರೆ. ಪ್ಯಾಕಿಂಗ್ ಮತ್ತು ಟೆಸ್ಟಿಂಗ್ ಘಟಕಗಳಲ್ಲಿ ಆಪರೇಟರ್, ಟೆಕ್ನಿಷಿಯನ್ ಕೆಲಸ ಅವರದೇ. ಯಂತ್ರಕ್ಕೆ ಸಾಮಾನು ತುಂಬುವುದು, ಅದು ಎಡವಟ್ಟು ಮಾಡಿದರೆ ಗುರುತಿಸುವುದು, ಸೂಕ್ಷ್ಮದರ್ಶಕದಲ್ಲಿ ತಂತಿ ಬೆಸುಗೆ ನೋಡುವುದು, ರಿಪೇರಿ. ಎಲೆಕ್ಟ್ರಾನಿಕ್ಸ್ ಮಾತ್ರ ಅಲ್ಲ, ಮೆಕ್ಯಾನಿಕಲ್, ಕೆಮಿಕಲ್, ಮೆಕಾಟ್ರಾನಿಕ್ಸ್‌ನವರೂ ಬೇಕು. ಪಂಪು, ನಿರ್ವಾತ, ಹವಾನಿಯಂತ್ರಣ ಗೊತ್ತಿದ್ದವನಿಗೆ ಫ್ಯಾಬ್‌ನಲ್ಲಿ ಒಳ್ಳೆ ಬೆಲೆ.

ಕ್ಲೀನ್‌ರೂಮ್ ಅಂದರೆ ಆಸ್ಪತ್ರೆಯ ಆಪರೇಷನ್ ಕೋಣೆಗಿಂತ ಎಷ್ಟೋ ಪಾಲು ಚೊಕ್ಕ. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಕಣ್ಣು ಮಾತ್ರ ಕಾಣುವ ಹಾಗೆ. ಪೌಡರ್ ಇಲ್ಲ, ಕಾಡಿಗೆ ಇಲ್ಲ, ಕುಂಕುಮ ಇಲ್ಲ, ಹೂ ಮುಡಿಯುವ ಹಾಗಿಲ್ಲ. ಒಳಗೆ ಪೆನ್ಸಿಲ್ ಕೂಡ ಬಿಡುವುದಿಲ್ಲ, ಅದರ ಪುಡಿ ಉದುರುತ್ತದೆ. ಚಿತ್ರ ಮೂಡಿಸುವ ವಿಭಾಗದಲ್ಲಿ ದೀಪ ಹಳದಿ, ಏಕೆಂದರೆ ವೇಫರಿಗೆ ಬಳಿದ ರಾಸಾಯನಿಕಕ್ಕೆ ನೀಲಿ ಬೆಳಕು ತಾಗಿದರೆ ಹಾಳು. ಕಾರ್ಖಾನೆ ರಾತ್ರಿ ಹಗಲು ನಿಲ್ಲುವುದಿಲ್ಲ. ಪಾಳಿ ಇರುತ್ತದೆ. ಯುಗಾದಿಗೂ ಇರುತ್ತದೆ.

ಯಾವ ಕೋರ್ಸ್ ಮಾಡಿಸಲಿ? "ಶೇ. 100 ಪ್ಲೇಸ್‌ಮೆಂಟ್" ಅನ್ನುವವರನ್ನು ನಂಬಬಹುದಾ?

ಬೇಡ. ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಆರು ತಿಂಗಳ ಕೋರ್ಸಿಗೆ ಸಾಲ ಮಾಡಿ ಫೀಸು ಕಟ್ಟಿದ. ಕಲಿಸಿದ್ದು ಪುಸ್ತಕದಲ್ಲಿದ್ದದ್ದೇ. ಪ್ಲೇಸ್‌ಮೆಂಟ್ ಅಂತ ಕೊಡಿಸಿದ್ದು ಕಾಲ್ ಸೆಂಟರ್ ಸಂದರ್ಶನ. ಸೆಮಿಕಂಡಕ್ಟರ್ ಅನ್ನುವ ಪದ ಈಗ ಬೋರ್ಡಿನ ಮೇಲೆ ಹಾಕಿದರೆ ಸಾಕು, ಗಿರಾಕಿ ಬರುತ್ತಾರೆ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: "ನಿಮ್ಮಲ್ಲಿ ಯಂತ್ರ ಯಾವುದಿದೆ, ತೋರಿಸಿ."

2023ರಲ್ಲಿ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ, ವಿಎಲ್‌ಎಸ್‌ಐಗೆ (ಅಂದರೆ ಚಿಪ್ ವಿನ್ಯಾಸಕ್ಕೆ) ಪ್ರತ್ಯೇಕ ಬಿಟೆಕ್ ಪಠ್ಯ, ಚಿಪ್ ತಯಾರಿಕೆಗೆ ಪ್ರತ್ಯೇಕ ಡಿಪ್ಲೊಮಾ ಪಠ್ಯ ತಂದಿದೆ. 85,000 ಎಂಜಿನಿಯರುಗಳಿಗೆ ತರಬೇತಿ ಕೊಡುವ ಕೇಂದ್ರದ ಯೋಜನೆಯೊಂದಿದೆ. ಅದರಡಿ ಬೆಂಗಳೂರಿನ ಸಿ–ಡಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯ ಮೂಲಕ ಕಾಲೇಜುಗಳಿಗೆ ದುಬಾರಿ ಡಿಸೈನ್ ಸಾಫ್ಟ್‌ವೇರ್ ಸಿಗುತ್ತದೆ. ವಿದ್ಯಾರ್ಥಿಗಳು ಬಿಡಿಸಿದ ಚಿಪ್‌ಗಳನ್ನು ಮೊಹಾಲಿಯಲ್ಲಿ ನಿಜವಾಗಿ ಮಾಡಿಯೂ ಕೊಟ್ಟಿದ್ದಾರೆ. ನಿಮ್ಮ ಮಗಳ ಕಾಲೇಜು ಆ ಪಟ್ಟಿಯಲ್ಲಿದೆಯಾ ಕೇಳಿ. ಕಣ್ಣಾರೆ ಕ್ಲೀನ್‌ರೂಮ್ ನೋಡಬೇಕೆಂದರೆ ಐಐಎಸ್‌ಸಿಯ ನ್ಯಾನೋ ಕೇಂದ್ರ ಹೊರಗಿನ ಕಾಲೇಜಿನವರಿಗೂ ತರಬೇತಿ ಕೊಡುತ್ತದೆ.

ಗುಜರಾತಿಗೆ ಹೋಗಿ ಇರುವುದಕ್ಕೆ ಆಗುತ್ತಾ?

ಈ ಪ್ರಶ್ನೆ ತಾಯಂದಿರದು. ಚಿಕ್ಕಮಗಳೂರು ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಆ ಕಡೆ ಟೆಕ್ನಿಷಿಯನ್ ಆಗಿ ಸೇರಿದ್ದಾನೆ. ರೂಮಿನಲ್ಲಿ ನಾಲ್ಕು ಜನ: ಒಬ್ಬ ಅಸ್ಸಾಮಿನವ, ಒಬ್ಬ ಒಡಿಶಾದವ, ಒಬ್ಬ ಅಲ್ಲಿಯವನೇ. ಮೊದಲ ತಿಂಗಳು ದಿನಾ ಫೋನ್ ಮಾಡಿ ಅಳುತ್ತಿದ್ದ, ಈಗ ಭಾನುವಾರ ಮಾತ್ರ ಮಾಡುತ್ತಾನೆ. ಮೊನ್ನೆ ಕೇಳಿದೆ, ಹೇಗಿದ್ದೀಯಪ್ಪ ಅಂತ. "ಕೆಲಸ ಪರವಾಗಿಲ್ಲ ಸಾರ್, ಯಂತ್ರದ ಭಾಷೆ ಬಂತು. ಆದರೆ ಇಲ್ಲಿ ಬೇಳೆ ಸಾರಿಗೂ ಸಕ್ಕರೆ ಹಾಕ್ತಾರೆ" ಅಂದ. ಅವರಮ್ಮ ಆ ವಾರವೇ ಎರಡು ಕೆಜಿ ಸಾರಿನ ಪುಡಿ ಕಳಿಸಿದ್ದಾರೆ.